ಹಿಂದಿನ ಸಾಲಿನ ಪ್ರಶ್ನೆ

ಹತ್ತೂವರೆಯ ಕಾರ್ಯಕ್ರಮಕ್ಕೆ ಸೆಮಿನಾರ್ ಹಾಲಿನ ಬೀಗ ಒಂಬತ್ತಕ್ಕೇ ತೆರೆಯುತ್ತದೆ. ಮೊದಲು ಒಳಗೆ ನುಗ್ಗುವವರು ಎರಡನೇ ವರ್ಷದ ಹುಡುಗರು. ಒಬ್ಬ ಏಣಿ ಹತ್ತಿ ಬ್ಯಾನರಿನ ಎಡತುದಿಗೆ ದಾರ ಬಿಗಿಯುತ್ತಾನೆ. ಕೆಳಗೆ ನಿಂತವನು ‘ಇನ್ನೂ ಸ್ವಲ್ಪ ಮೇಲೆ... ಹ್ಞಾಂ... ಈಗ ಆ ಕಡೆ ಇಳೀತು ನೋಡು’ ಎನ್ನುತ್ತಾನೆ. ಅತಿಥಿಯ ಹೆಸರಿನ ಹಿಂದೆ ‘ಡಾ.’ ಇದೆಯೇ, ಇನಿಶಿಯಲ್ ಸರಿಯಿದೆಯೇ ಎಂದು ಮೂರನೆಯವನು ಫೋನಿನಲ್ಲಿ ತಾಳೆ ನೋಡುತ್ತಾನೆ. ಪ್ರಿಂಟಾಗಿ ಗೋಡೆಗೇರಿದ ಮೇಲೆ ತಾಳೆ ನೋಡಿ ಮಾಡುವುದೇನು ಎಂದು ಅವನನ್ನು ಯಾರೂ ಕೇಳುವುದಿಲ್ಲ. ಲ್ಯಾಪ್‌ಟಾಪಿಗೂ ಪ್ರೊಜೆಕ್ಟರಿಗೂ ಇನ್ನೂ ಮಾತುಕತೆ ಕುದುರಿಲ್ಲ. ‘ಕನ್ವರ್ಟರ್ ಎಲ್ಲಿಟ್ಯೋ ಮಗಾ?’ ‘ಲ್ಯಾಬಲ್ಲಿದೆ ಗುರು, ಕೀ ಸರ್ ಹತ್ರ ಐತೆ.’ ‘ಸರ್ ಎಲ್ಲಿ?’ ‘ಗೆಸ್ಟ್ ಕರ್ಕೊಂಡ್ ಬರಕ್ಕೆ ಹೋಗವ್ರೆ.’

ವೇದಿಕೆಯ ಬಲಗಡೆ ಹಿತ್ತಾಳೆಯ ದೀಪದ ಕಂಬ. ಬತ್ತಿಯ ತುದಿಗೆ ಕರ್ಪೂರದ ಚೂರು ಒತ್ತಿಡಬೇಕೆಂದು ಗೊತ್ತಿರುವ ಹುಡುಗಿಯೊಬ್ಬಳು ಪ್ರತಿ ತಂಡದಲ್ಲೂ ಇರುತ್ತಾಳೆ. ಗಣ್ಯರ ಕೈಯ ಮೇಣದಬತ್ತಿ ತಾಕಿದೊಡನೆ ಹತ್ತಿಕೊಳ್ಳಬೇಕು, ಫೋಟೊಗೆ ನಿಂತವರು ಕಾಯುವಂತಾಗಬಾರದು. ದೀಪ ಹತ್ತುವವರೆಗೆ ಫ್ಯಾನ್ ಹಾಕುವಂತಿಲ್ಲ. ರೇಷ್ಮೆ ಸೀರೆಯುಟ್ಟ ನಿರೂಪಕಿ ಕೈಯ ಕಾರ್ಡುಗಳನ್ನೇ ಬೀಸಣಿಗೆ ಮಾಡಿಕೊಂಡು, ತುಟಿಯಲ್ಲೇ ಸ್ವಾಗತದ ವಾಕ್ಯ ಉರುಹೊಡೆಯುತ್ತಿದ್ದಾಳೆ. ಮೇಜಿನ ಮೇಲೆ ಮಡಿಸಿಟ್ಟ ಶಾಲುಗಳು, ಹಾರದ ಬದಲು ಕೊಡಲು ತಂದ ಗಿಡದ ಕುಂಡಗಳು, ಸ್ಮರಣಿಕೆಯ ಡಬ್ಬಿಗಳು. ಪೋಡಿಯಂ ಮೇಲೊಂದು ಮೈಕು. ಸಭಿಕರಿಗೆಂದು ಕಾರ್ಡ್‌ಲೆಸ್ ಮೈಕು ಇನ್ನೊಂದು, ಒಂದೇ ಒಂದು.

ಇದು ಬೆಂಗಳೂರಿನ ಕೆ.ಆರ್. ಸರ್ಕಲ್. ಒಂದು ಕಡೆ ನೃಪತುಂಗ ರಸ್ತೆ, ಕೂಗಳತೆಯಲ್ಲಿ ವಿಧಾನಸೌಧ. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ ಎಂಜಿನಿಯರಿಂಗ್ ಕಾಲೇಜು ಇರುವುದು ಇಲ್ಲಿಯೇ. ಅದಕ್ಕೆ ಮೊದಲು ಎಂಜಿನಿಯರಾಗಬೇಕೆಂಬ ಮೈಸೂರು ಸಂಸ್ಥಾನದ ಹುಡುಗ ಪುಣೆಗೋ ಮದರಾಸಿಗೋ ಹೋಗಬೇಕಿತ್ತು. ಪುಣೆಗೆ ಹೋಗಿ ಓದಿ ಬಂದವರಲ್ಲಿ ವಿಶ್ವೇಶ್ವರಯ್ಯನವರೂ ಒಬ್ಬರು. ಕಾಲೇಜಿನ ಮೊದಲ ದಿನಗಳ ಪ್ರಾಧ್ಯಾಪಕರ ಸಾಲಿನಲ್ಲಿ ಎಸ್.ವಿ. ಸೆಟ್ಟಿ ಇದ್ದರು. ಇಂಗ್ಲೆಂಡಿನಲ್ಲಿ ಎ.ವಿ. ರೋ ಅವರ ವಿಮಾನ ಕಾರ್ಖಾನೆಯಲ್ಲಿ ದುಡಿದು, ವಿಮಾನ ಹಾರಿಸಿ ಬಂದ ಮೈಸೂರಿನವರು ಅವರು. 1918ರ ಇನ್‌ಫ್ಲುಯೆಂಜಾ ಅವರನ್ನು ಕರೆದೊಯ್ದಿತು. ದ್ರವಚಲನ ವಿಜ್ಞಾನದಲ್ಲಿ ಜಗತ್ತಿಗೇ ಹೆಸರಾದ ರೊದ್ದಂ ನರಸಿಂಹ 1953ರಲ್ಲಿ ಪದವಿ ಪಡೆದದ್ದು ಇಲ್ಲಿ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಅಂಗವಾಗಿ ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಎಂಜಿನಿಯರಿಂಗ್ (ಯುವಿಸಿಇ) ಎಂದು ಕರೆಸಿಕೊಂಡ ಕಾಲೇಜು, 2021ರ ಕಾಯ್ದೆಯ ಬಲದಿಂದ ತಾನೇ ಒಂದು ಸ್ವಾಯತ್ತ ವಿಶ್ವವಿದ್ಯಾಲಯವಾಗಿದೆ. ಸಿವಿಲ್ ಮತ್ತು ಆರ್ಕಿಟೆಕ್ಚರ್ ವಿಭಾಗಗಳು ಜ್ಞಾನಭಾರತಿಯಲ್ಲಿವೆ. ಅಲ್ಲಿನ ಹುಡುಗರು ಇಲ್ಲಿನ ಕಾರ್ಯಕ್ರಮಕ್ಕೆ ಬರಬೇಕೆಂದರೆ ಜ್ಞಾನಭಾರತಿ ನಿಲ್ದಾಣದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್ ದಾಟಿ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನದೇ ನಿಲ್ದಾಣವನ್ನೂ ದಾಟಿ, ವಿಧಾನಸೌಧದಲ್ಲಿ ಇಳಿಯುತ್ತಾರೆ.

ಸೆಮಿನಾರ್ ಹಾಲು ತುಂಬುವುದಕ್ಕೆ ಒಂದು ಕ್ರಮವಿದೆ. ಮೊದಲ ಸಾಲಿನ ಸೋಫಾಗಳು ಸಂಸ್ಥೆಯ ಮುಖ್ಯಸ್ಥರಿಗೆ, ಎಚ್‌ಒಡಿಗಳಿಗೆ. ಎರಡನೆಯದು ಅಧ್ಯಾಪಕರದ್ದು. ಮೂರನೆಯ ಸಾಲಿನಲ್ಲಿ ನೋಟ್‌ಬುಕ್ ಬಿಚ್ಚಿ ಕೂತವರು ರ‍್ಯಾಂಕಿನ ಹುಡುಗ ಹುಡುಗಿಯರು. ನಡುವಿನ ಸಾಲುಗಳಿಗೆ ‘ಓಡಿ’ ಸಿಗುತ್ತದೆಂದು ಬಂದವರು. ಆನ್ ಡ್ಯೂಟಿ ಎಂದು ಹಾಜರಿ ಬಿದ್ದರೆ ಎರಡು ಕ್ಲಾಸು ಉಳಿದಂತೆ. ಹಿಂದಿನ ಎರಡು ಸಾಲುಗಳ ಜನ ಬೇರೆ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದ ಲ್ಯಾಟರಲ್ ಎಂಟ್ರಿಯವರು, ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾದಲ್ಲಿ ಸೀಟು ಪಡೆದವರು, ಹಾಸ್ಟೆಲಿನವರು, ರಾತ್ರಿ ಊಟದ ಪಾರ್ಸಲ್ ಹಂಚುವ ಕೆಲಸ ಮಾಡಿ ಬೆಳಿಗ್ಗೆ ಕಣ್ಣುಜ್ಜುತ್ತ ಬಂದವರು. ಸಿಇಟಿಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿಯಿದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ, ಇಲ್ಲವೇ ಕನ್ನಡದಲ್ಲಿ ಓದಿರಬೇಕು. ಸೀಟು ಕೊಡಿಸುವ ತನಕ ಕೋಟಾ ಕೈಹಿಡಿಯುತ್ತದೆ. ಹಾಲಿನಲ್ಲಿ ಯಾವ ಸಾಲಿನಲ್ಲಿ ಕೂರಬೇಕೆಂದು ಅದು ಹೇಳುವುದಿಲ್ಲ.

ನಾಡಗೀತೆ, ದೀಪ, ಸ್ವಾಗತ, ಅತಿಥಿ ಪರಿಚಯ. ಪರಿಚಯ ಓದುವ ಹುಡುಗ ಬಯೋಡೇಟಾದ ಎರಡು ಪುಟವನ್ನೂ ಬಿಡದೆ ಓದುತ್ತಾನೆ. ಅತಿಥಿ ಕೈಯೆತ್ತಿ ‘ಸಾಕಪ್ಪಾ’ ಎಂದು ಸನ್ನೆ ಮಾಡಿದರೂ ನಿಲ್ಲಿಸುವುದಿಲ್ಲ. ಅವರು ಇದೇ ಕಾಲೇಜಿನ ಎಲೆಕ್ಟ್ರಿಕಲ್ ವಿಭಾಗದಲ್ಲಿ ಓದಿ, ರಾಜ್ಯದ ವಿದ್ಯುತ್ ಜಾಲ ನೋಡಿಕೊಳ್ಳುವ ಕೆಲಸದಲ್ಲಿ ತಲೆ ನರೆಸಿಕೊಂಡವರು. ಆನಂದರಾವ್ ಸರ್ಕಲ್ಲಿನ ಲೋಡ್ ಡಿಸ್ಪ್ಯಾಚ್ ಸೆಂಟರ್ ಇಲ್ಲಿಂದ ದೂರವೇನಲ್ಲ.

ಅವರ ಮಾತು ಸ್ಲೈಡಿಗಿಂತ ಚೆನ್ನಾಗಿದೆ. ವಿದ್ಯುತ್ತನ್ನು ಗೋಡೌನಿನಲ್ಲಿ ತುಂಬಿಡಲಾಗದು, ಬೇಕೆಂದ ಕ್ಷಣಕ್ಕೇ ಹುಟ್ಟಿಸಬೇಕು ಎನ್ನುತ್ತಾರೆ. ದೇಶದ ಜಾಲ ಇಡಿಯಾಗಿ 50 ಹರ್ಟ್ಜ್ ಆವರ್ತದಲ್ಲಿ ಉಸಿರಾಡುತ್ತದೆ. ಬಳಕೆ ಹೆಚ್ಚಿ ಉತ್ಪಾದನೆ ಸಾಲದಾದರೆ ಅದು ಇಳಿಯುತ್ತದೆ, ಉತ್ಪಾದನೆ ಹೆಚ್ಚಾದರೆ ಏರುತ್ತದೆ. ಆ ಅಂಕಿಯನ್ನು ಅಲುಗದಂತೆ ಹಿಡಿಯುವುದೇ ಕಂಟ್ರೋಲ್ ರೂಮಿನವರ ಹಗಲಿರುಳ ಕೆಲಸ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಾಗ ಒಂದು ಹೊಳೆ, ಒಂದು ಗಿರಾಕಿ. ಈಗ ಹಗಲೆಲ್ಲ ಪಾವಗಡದ ಸೋಲಾರ್ ಪಾರ್ಕ್ ಇದೆ, ಅದರ ಸಾಮರ್ಥ್ಯವೇ 2,050 ಮೆಗಾವ್ಯಾಟ್. ಸಂಜೆ ಆರೂವರೆಗೆ ಅದು ಸೊನ್ನೆಗಿಳಿಯುತ್ತದೆ. ಸರಿಯಾಗಿ ಆ ಹೊತ್ತಿಗೇ ಮನೆಮನೆಯಲ್ಲಿ ದೀಪ, ಟಿವಿ, ಮಿಕ್ಸಿ ಶುರುವಾಗುತ್ತವೆ. ರಾಯಚೂರಿನ ಕಲ್ಲಿದ್ದಲ ಘಟಕವನ್ನು ತಣ್ಣಗಿನಿಂದ ಎಬ್ಬಿಸಲು ಗಂಟೆಗಟ್ಟಲೆ ಬೇಕು. ಲಿಂಗನಮಕ್ಕಿ ಜಲಾಶಯದಿಂದ ಬರುವ ಶರಾವತಿಯ ನೀರಾದರೆ ಗೇಟು ತೆರೆದ ಕೆಲವೇ ನಿಮಿಷಗಳಲ್ಲಿ ಟರ್ಬೈನ್ ತಿರುಗಿಸುತ್ತದೆ. ಅಲ್ಲಿನ ಹತ್ತು ಯಂತ್ರಗಳ ಒಟ್ಟು ಬಲ 1,035 ಮೆಗಾವ್ಯಾಟ್. ‘ಸೂರ್ಯ ಮುಳುಗಿದಾಗ ನಾವು ಲಿಂಗನಮಕ್ಕಿ ಕಡೆ ನೋಡ್ತೀವಿ’ ಎಂದು ಅವರು ಹೇಳಿದಾಗ ಮೂರನೆಯ ಸಾಲಿನ ಪೆನ್ನುಗಳೂ ಒಂದು ಗಳಿಗೆ ನಿಲ್ಲುತ್ತವೆ.

ಆಮೇಲೆ ಪ್ರಶ್ನೋತ್ತರ. ನಿರೂಪಕಿ ಗಡಿಯಾರ ನೋಡಿ ಹತ್ತು ನಿಮಿಷ ಎನ್ನುತ್ತಾಳೆ. ಇರುವ ಒಂದೇ ಕಾರ್ಡ್‌ಲೆಸ್ ಮೈಕು ಮೊದಲು ಎರಡನೆಯ ಸಾಲಿಗೆ ಹೋಗುತ್ತದೆ. ಅಧ್ಯಾಪಕರೊಬ್ಬರು ಪ್ರಶ್ನೆಯ ರೂಪದಲ್ಲಿ ತಮ್ಮ ಪಿಎಚ್‌ಡಿ ವಿಷಯವನ್ನು ಹೇಳಿ ಮುಗಿಸುತ್ತಾರೆ. ಮೈಕು ಮೂರನೆಯ ಸಾಲಿಗೆ ಬರುತ್ತದೆ. ಅಲ್ಲಿಯ ಪ್ರಶ್ನೆ ಚೆನ್ನಾದ ಇಂಗ್ಲಿಷಿನಲ್ಲಿದೆ, ಸ್ಮಾರ್ಟ್ ಗ್ರಿಡ್ಡಿನಲ್ಲಿ ಕೃತಕ ಬುದ್ಧಿಮತ್ತೆಯ ಪಾತ್ರ. ಉತ್ತರವೂ ಅಷ್ಟೇ ಚೆನ್ನಾಗಿದೆ, ಕೇಳಿದವನಿಗೂ ಹೇಳಿದವರಿಗೂ ಮೊದಲೇ ಗೊತ್ತಿದ್ದದ್ದು. ವಂದನಾರ್ಪಣೆಯ ಹುಡುಗ ಚೀಟಿ ಬಿಚ್ಚಿಕೊಂಡು ಎದ್ದು ನಿಂತೇಬಿಡುತ್ತಾನೆ.

ಅಷ್ಟರಲ್ಲಿ ಅತಿಥಿಯೇ, ‘ಹಿಂದೆ ಯಾರೂ ಕೇಳೋದಿಲ್ವೇನ್ರಪ್ಪಾ? ನಾನೂ ಅಲ್ಲೇ ಕೂರ್ತಿದ್ದೆ’ ಎನ್ನುತ್ತಾರೆ. ಕೊನೆಯ ಸಾಲಿನಲ್ಲಿ ಮೊಣಕೈಗಳು ಒಬ್ಬ ಹುಡುಗನನ್ನು ತಿವಿಯುತ್ತವೆ. ‘ಏಳಲೇ, ನಿಮ್ಮೂರು ಕಣೋ.’ ಅವನು ಅರ್ಧ ಏಳುತ್ತಾನೆ. ಮೈಕು ದೂರವಿದೆ. ಗಂಟಲು ಎತ್ತರಿಸಿ ಕೇಳುತ್ತಾನೆ:

‘ಸಾರ್, ಕನ್ನಡದಾಗೆ ಕೇಳ್ಬೋದಾ?’

‘ಧಾರಾಳವಾಗಿ.’

‘ಸಾರ್, ನಮ್ದು ಪಾವಗಡದ ತಾವ. ನಮ್ಮ ಹೊಲಾನೂ ಪಾರ್ಕಿಗೆ ಲೀಸಿಗೆ ಹೋಗೈತೆ. ಮುಂಚೆ ನಮ್ಮಪ್ಪ ಬೋರಿಗೆ ಕರೆಂಟು ಬತ್ತದೆ ಅಂತ ರಾತ್ರಿ ಎರಡು ಗಂಟೇಲಿ ಎದ್ದು ಹೋಗ್ತಿದ್ರು. ಈಗ ತ್ರೀ ಫೇಸ್ ಹಗಲೊತ್ತೇ ಕೊಡ್ತಾರೆ. ಅದು... ನೀವು ಹೇಳಿದ್ದಕ್ಕೇನಾ ಸಾರ್? ಹಗಲು ಜಾಸ್ತಿ ಆಗೋ ಕರೆಂಟ್ನ ನಮ್ಮ ಮೋಟ್ರಿಗೆ ಸುರಿಯೋದಾ?’

ಹಾಲಿನಲ್ಲಿ ನಗು ಏಳುತ್ತದೆ, ‘ಸುರಿಯೋದು’ ಎಂಬುದಕ್ಕೆ. ಅತಿಥಿ ನಗುವುದಿಲ್ಲ. ಪೋಡಿಯಂ ಬಿಟ್ಟು ಮುಂದೆ ಬಂದು, ಮಾರ್ಕರ್ ಕೇಳಿ ಪಡೆದು, ಬಿಳಿ ಬೋರ್ಡಿನ ಮೇಲೆ ಇಡೀ ದಿನದ ಬಳಕೆಯ ಗೆರೆ ಎಳೆಯುತ್ತಾರೆ. ನಡುಹಗಲಲ್ಲಿ ಸೂರ್ಯನ ಕರೆಂಟಿನ ಗುಡ್ಡ, ಸಂಜೆ ಏಳಕ್ಕೆ ಬಳಕೆಯ ಗುಡ್ಡ. ರೈತರ ಪಂಪ್‌ಸೆಟ್ಟು ರಾಜ್ಯದ ಬಳಕೆಯಲ್ಲಿ ದೊಡ್ಡ ಪಾಲು. ಅದನ್ನು ಯಾವ ಹೊತ್ತಿಗೆ ಬೇಕಾದರೂ ಸರಿಸಬಹುದು, ಏಕೆಂದರೆ ನೀರು ಹತ್ತು ಗಂಟೆಗೆ ಬಿಟ್ಟರೂ ಎರಡಕ್ಕೆ ಬಿಟ್ಟರೂ ಬೆಳೆಗೆ ಒಂದೇ. ಮೊದಲು ರಾತ್ರಿ ಉಳಿಯುತ್ತಿದ್ದ ಥರ್ಮಲ್ ವಿದ್ಯುತ್ತಿಗೆ ಅದು ಜಾಗ ಮಾಡಿಕೊಡುತ್ತಿತ್ತು, ಈಗ ಹಗಲ ಸೋಲಾರಿಗೆ. ‘ಲೋಡ್ ಶಿಫ್ಟಿಂಗ್ ಅಂತ ಪುಸ್ತಕದಲ್ಲಿ ಓದಿರ್ತೀರಿ. ಇವರ ತಂದೆ ನಿದ್ದೆ ಮಾಡೋಕೆ ಶುರು ಮಾಡಿದ್ರಲ್ಲ, ಅದೇ ಅದು.’ ಹತ್ತು ನಿಮಿಷದ ಪ್ರಶ್ನೋತ್ತರ ಅರ್ಧ ಗಂಟೆಗೆ ಹಿಗ್ಗುತ್ತದೆ. ಪ್ಯಾನೆಲ್ ತೊಳೆಯುವ ನೀರು ಎಲ್ಲಿಂದ? ಮೋಡ ಕವಿದರೆ? ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಎರಡು ವರ್ಷಕ್ಕೊಮ್ಮೆ ಶೇ 5 ಏರುತ್ತದಲ್ಲ, ಕೂಲಿಗೆ ಬರುತ್ತಿದ್ದವರಿಗೆ ಏನು ಏರಿತು? ಕೊನೆಯದಕ್ಕೆ ಅತಿಥಿಯ ಬಳಿ ಬೋರ್ಡಿನ ಮೇಲೆ ಎಳೆಯಬಹುದಾದ ಗೆರೆ ಇಲ್ಲ. ‘ಅದು ಎಂಜಿನಿಯರಿಗೆ ಕೇಳಲೇಬೇಕಾದ ಪ್ರಶ್ನೆ’ ಎಂದಷ್ಟೇ ಹೇಳುತ್ತಾರೆ.

ಊಟಕ್ಕೆ ಪುಳಿಯೋಗರೆ, ಮೊಸರನ್ನ, ಒಂದು ಮೈಸೂರ್‌ಪಾಕ್. ಅತಿಥಿಗಳಿಗೆ ಒಳಗೆ ಬಫೆ, ಹುಡುಗರಿಗೆ ಕಾರಿಡಾರಿನಲ್ಲಿ ಪ್ಯಾಕೆಟ್ಟು. ಪಾವಗಡದ ಹುಡುಗನ ಸುತ್ತ ನಾಲ್ಕು ಜನ ನೆರೆದಿದ್ದಾರೆ, ಮೂರನೆಯ ಸಾಲಿನ ಹುಡುಗಿಯೊಬ್ಬಳೂ ಇದ್ದಾಳೆ. ‘ನಿಮ್ಮೂರಿಗೆ ಇಂಡಸ್ಟ್ರಿಯಲ್ ವಿಸಿಟ್ ಹಾಕ್ಸೋಣ್ವಾ?’ ಎನ್ನುತ್ತಾಳೆ. ಅವನು ತುತ್ತು ನುಂಗಿ, ‘ಬನ್ನಿ, ಬಿಸ್ಲು ಮಾತ್ರ ಜಾಸ್ತಿ’ ಎನ್ನುತ್ತಾನೆ.

ಪ್ರಶ್ನೆ ಆ ಗಳಿಗೆಯಲ್ಲಿ ಹುಟ್ಟಿದ್ದಲ್ಲ. ಅದು ಹೇಗೆ ಬೆಳೆದು ಬಂತೆಂದು ನೋಡಬೇಕಾದರೆ ಮಧ್ಯಾಹ್ನ ಇನ್ನೊಂದು ಕೋಣೆಗೆ ಹೋಗಬೇಕು. ಅಲ್ಲಿ ಬ್ಯಾನರ್ ಇಲ್ಲ, ದೀಪವಿಲ್ಲ. ಬಾಗಿಲಿಗೆ ಎ4 ಹಾಳೆ ಅಂಟಿಸಿದೆ: ‘ಸ್ಕಾಲರ್‌ಶಿಪ್ ಸಹಾಯ, 2ರಿಂದ 5’. ಮೂರು ಲ್ಯಾಪ್‌ಟಾಪ್, ಮೂವರು ಸೀನಿಯರ್ಸ್, ಕಚೇರಿಯ ಒಬ್ಬ ಗುಮಾಸ್ತರು, ಬಾಗಿಲಾಚೆಗೂ ಬೆಳೆದ ಸಾಲು. ಪ್ರತಿಯೊಬ್ಬರ ಕೈಯಲ್ಲೂ ಪ್ಲಾಸ್ಟಿಕ್ ಫೋಲ್ಡರು. ಒಳಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಫೀಸು ಕಟ್ಟಿದ ರಸೀದಿ, ಹಾಸ್ಟೆಲ್ ಪತ್ರ.

‘ಆರ್‌ಡಿ ನಂಬರ್ ಹೇಳಪ್ಪಾ.’

ನಾಡಕಚೇರಿಯ ಪ್ರಮಾಣಪತ್ರದ ಮೇಲಿರುವ ಆ ‘ಆರ್‌ಡಿ’ ಸಂಖ್ಯೆ ಇಲ್ಲದೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಒಂದು ಹೆಜ್ಜೆಯೂ ಮುಂದೆ ಹೋಗದು. ಆಧಾರಿನಲ್ಲಿ ಅಪ್ಪನ ಹೆಸರು ಪೂರ್ತಿ, ಅಂಕಪಟ್ಟಿಯಲ್ಲಿ ಇನಿಶಿಯಲ್ ಮಾತ್ರ. ಪೋರ್ಟಲಿಗೆ ಇಬ್ಬರೂ ಬೇರೆ ಬೇರೆ ಮನುಷ್ಯರು. ಒಬ್ಬಳ ಅರ್ಜಿ ಮಂಜೂರಾಗಿದೆ, ಹಣ ಬಂದಿಲ್ಲ. ಸೀನಿಯರ್ ಹುಡುಗಿ ಆಧಾರ್ ಜೋಡಣೆ ಪರೀಕ್ಷಿಸಿ, ‘ನೀನು ಕೊಟ್ಟ ಪಾಸ್‌ಬುಕ್ಕಿಗೆ ಅಲ್ಲಮ್ಮ, ಸಿಮ್ ತಗೊಳ್ಳುವಾಗ ಒಂದು ಪೇಮೆಂಟ್ ಬ್ಯಾಂಕ್ ಖಾತೆ ತೆಗೆದಿದ್ದಾರೆ, ಅದಕ್ಕೆ ಮ್ಯಾಪ್ ಆಗಿದೆ. ದುಡ್ಡು ಅಲ್ಲೇ ಕೂತಿರತ್ತೆ’ ಎನ್ನುತ್ತಾಳೆ. ಹುಡುಗಿ ಫೋನ್ ತೆರೆದು ನೋಡುತ್ತಾಳೆ. ಕೂತಿದೆ. ಅವಳು ‘ಅಕ್ಕಾ!’ ಎಂದು ಕೂಗಿದ್ದಕ್ಕೆ ಇಡೀ ಸಾಲು ತಿರುಗಿ ನೋಡುತ್ತದೆ.

ಆ ಕೋಣೆಯಲ್ಲಿ ಯೋಜನೆಗಳ ಹೆಸರು ಬಸ್ ನಿಲ್ದಾಣದ ಊರುಗಳಷ್ಟು ಸಲೀಸಾಗಿ ಓಡಾಡುತ್ತವೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ, ತಿಂಗಳಿಗೆ ಇಂತಿಷ್ಟೆಂದು ಹತ್ತು ತಿಂಗಳು. ಮನೆಯ ವರಮಾನ 8 ಲಕ್ಷ ಮೀರದ ಹುಡುಗಿಯರಿಗೆ ಎಐಸಿಟಿಇಯ ಪ್ರಗತಿ, ವರ್ಷಕ್ಕೆ 50,000; ಅಂಗವಿಕಲ ವಿದ್ಯಾರ್ಥಿಗಳಿಗೆ ಅಷ್ಟೇ ಮೊತ್ತದ ಸಕ್ಷಮ್. ಕೌನ್ಸೆಲಿಂಗ್ ಹೊತ್ತಿಗೇ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಸೀಟು ಹಿಡಿದವರಿಗೆ ಬೋಧನಾ ಶುಲ್ಕದ ಹೊರೆಯಿಲ್ಲ. ಇವೆಲ್ಲ ಸರ್ಕಾರಿ ವೆಬ್‌ಸೈಟಿನಲ್ಲಿ ಇರುವುದೇ. ಆದರೂ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗನಿಗೆ, ಕೊನೇ ದಿನಾಂಕ ಯಾವುದು, ಯಾವ ಗುಂಡಿ ಒತ್ತಿದ ಮೇಲೆ ತಿದ್ದಲಾಗದು ಎಂದು ಹೇಳುವ ಅಣ್ಣನೋ ಅಕ್ಕನೋ ಬೇಕು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಊಟ ವಸತಿ ಹೊಂದಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಪುಣೆಯ ಎಂಜಿನಿಯರಿಂಗ್ ಓದಿಗೆ ದಾರಿಯಾದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. ಈ ಕಾಲೇಜಿನ ಹಿಂದೆಯೂ ಒಂದು ಸ್ಕಾಲರ್‌ಶಿಪ್ ಇದೆ ಎಂದಾಯಿತು.

ಪಾವಗಡದ ಹುಡುಗ ಹೋದ ವರ್ಷ ಇದೇ ಸಾಲಿನಲ್ಲಿ ನಿಂತಿದ್ದ. ವಿದ್ಯಾಸಿರಿಯ ಹಣ ಬರುವ ತನಕ ರಾತ್ರಿ ಹನ್ನೊಂದರವರೆಗೆ ಗೆಳೆಯನ ಬೈಕಿನಲ್ಲಿ ಪಾರ್ಸಲ್ ಹಂಚುತ್ತಿದ್ದ. ಸೆಮಿನಾರಿಗೆ ಬಂದರೂ ಗೋಡೆಗೊರಗಿ ನಿದ್ದೆ ಹೋಗುತ್ತಿದ್ದ. ಈ ವರ್ಷ ಬೈಕು ಗೆಳೆಯನಿಗೇ ಬಿಟ್ಟಿದ್ದಾನೆ, ಎಚ್ಚರವಾಗಿದ್ದಾನೆ. ಪ್ರಶ್ನೆ ಕೇಳಲು ಮೊದಲು ಬೇಕಾದದ್ದು ಎಚ್ಚರವಾಗಿರುವುದು, ಅಲ್ಲವೇ.

ಸಂಜೆ ನಾಲ್ಕೂವರೆಗೆ ಖಾಲಿಯಾದ ತರಗತಿಯೊಂದರಲ್ಲಿ ಇನ್ನೊಂದು ಸಭೆ. ಇದಕ್ಕೆ ಹುಡುಗರು ಇಟ್ಟ ಹೆಸರು ‘ಎಂ-3 ರೆಸ್ಕ್ಯೂ’. ಮೂರನೆಯ ಸೆಮಿಸ್ಟರಿನ ಗಣಿತ, ಫೂರಿಯೆ ಸರಣಿ, ಲಾಪ್ಲಾಸ್ ಪರಿವರ್ತನೆ. ಹಿಂದಿನ ಸಾಲಿನವರು ಮುಗ್ಗರಿಸುವ ಮುಖ್ಯ ಗುಂಡಿ. ಡಿಪ್ಲೊಮಾದಿಂದ ಬಂದವರಿಗೆ ಇದು ಇನ್ನೂ ಆಳ. ಪಕ್ಕದಲ್ಲೇ ಇರುವ ಎಸ್‌ಜೆಪಿಯಂಥ ಪಾಲಿಟೆಕ್ನಿಕ್ಕುಗಳಲ್ಲಿ ಮೂರು ವರ್ಷ ಕೈಕೆಲಸ ಕಲಿತವರು ಲ್ಯಾಬಿನಲ್ಲಿ ಮೋಟರಿನ ಶಬ್ದ ಕೇಳಿಯೇ ಎಲ್ಲಿ ತಪ್ಪಿದೆ ಎನ್ನಬಲ್ಲರು. ಇಂಟಿಗ್ರಲ್ ಚಿಹ್ನೆ ಕಂಡರೆ ಪೆನ್ನು ಕೆಳಗಿಡುತ್ತಾರೆ. ಅದಕ್ಕೇ ಇಲ್ಲಿ ಒಂದು ಕೊಡುಕೊಳ್ಳುವಿಕೆ ತಾನಾಗಿ ಏರ್ಪಟ್ಟಿದೆ. ಪಿಯುಸಿಯಿಂದ ಬಂದ ಹುಡುಗಿ ಬೋರ್ಡಿನ ಮೇಲೆ ಲಾಪ್ಲಾಸ್ ಮಾಡಿಸುತ್ತಾಳೆ, ಡಿಪ್ಲೊಮಾದ ಹುಡುಗ ಶನಿವಾರ ಲ್ಯಾಬಿನಲ್ಲಿ ಅವಳ ತಂಡಕ್ಕೆ ವೈರಿಂಗ್ ಹೇಳಿಕೊಡುತ್ತಾನೆ.

‘ಇದು ಯಾಕೆ ಅಂತ ಮೊದ್ಲು ಹೇಳು. ಈ ಎಸ್ ಎಲ್ಲಿಂದ ಬಂತು?’

‘ಡಿಫರೆನ್ಷಿಯಲ್ ಈಕ್ವೇಶನ್ ಬಿಡಿಸೋದು ಕಷ್ಟ ಅಲ್ವಾ? ಅದನ್ನ ಬೇರೆ ಕಡೆ ತಗೊಂಡ್ಹೋಗಿ ಬರೀ ಕೂಡೋದು ಕಳೆಯೋದು ಮಾಡ್ಕೊಂಡು, ಉತ್ತರ ಹಿಡ್ಕೊಂಡು ವಾಪಸ್ ಬರೋದು. ಅಷ್ಟೇ.’

‘ಇಷ್ಟೇನಾ? ಕ್ಲಾಸಲ್ಲಿ ಹಿಂಗಂದ್ರೆ ಏನಾಗ್ತಿತ್ತು ಮೇಷ್ಟ್ರಿಗೆ!’

ಸೂತ್ರಗಳೆಲ್ಲ ಇಂಗ್ಲಿಷಿನಲ್ಲೇ ಇವೆ, ಪದಗಳೂ. ಯಾಕೆ, ಹೇಗೆ, ಎಲ್ಲಿಂದ ಎಂಬ ಮೂರು ಮಾತ್ರ ಕನ್ನಡದಲ್ಲಿ ನಡೆಯುತ್ತವೆ. ಎಂಜಿನಿಯರಿಂಗನ್ನು ಪೂರ್ತಿ ಕನ್ನಡದಲ್ಲೇ ಕಲಿಸಲು 2021ರಲ್ಲಿ ರಾಜ್ಯದ ಕೆಲವು ಕಾಲೇಜುಗಳಿಗೆ ಅವಕಾಶ ಸಿಕ್ಕಿತು. ಸೇರಲು ಮಕ್ಕಳು ಮುಂದೆ ಬರಲಿಲ್ಲ. ನೌಕರಿಯ ಲೆಕ್ಕ ಅವರಿಗೆ ಗೊತ್ತು. ಅವರು ಕೇಳುವುದು ಅಷ್ಟು ದೊಡ್ಡದನ್ನಲ್ಲ. ಇಂಗ್ಲಿಷಿನಲ್ಲಿ ಉತ್ತರ ಬರೆಯುತ್ತೇವೆ, ಅನುಮಾನ ಬಂದಾಗ ನಮ್ಮ ಮಾತಿನಲ್ಲಿ ಬಾಯಿ ಬಿಡಲು ಬಿಡಿ ಎನ್ನುತ್ತಾರೆ. ಈ ತರಗತಿಯಲ್ಲಿ ಹದಿನೈದು ದಿನ ಬಾಯಿ ಬಿಟ್ಟು ಅಭ್ಯಾಸವಾದವನಿಗೆ ಸೆಮಿನಾರ್ ಹಾಲಿನಲ್ಲಿ ‘ಕನ್ನಡದಾಗೆ ಕೇಳ್ಬೋದಾ’ ಎನ್ನುವುದು ಅಷ್ಟೇನೂ ಹೊಸದಲ್ಲ.

ಹುಡುಗಿಯರು ಆರಕ್ಕೆ ಎದ್ದು ಹೊರಡುತ್ತಾರೆ. ಕೆಲವರು ತುಮಕೂರು, ರಾಮನಗರದ ಕಡೆಯಿಂದ ದಿನಾ ಬಂದು ಹೋಗುವವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಚಾರ್ಜು ಉಳಿದಿದೆ. ಬಸ್ಸಿನ ಹೊತ್ತು ಬದಲಾಗಿಲ್ಲ. ಸಂಜೆ ಐದರ ಮೇಲೆ ಇಟ್ಟ ಯಾವ ಕಾರ್ಯಕ್ರಮವೂ ಅವರ ಪಾಲಿಗೆ ಅರ್ಧ ಕಾರ್ಯಕ್ರಮವೇ. ಅದನ್ನು ಬಲ್ಲ ಸಂಯೋಜಕಿ ಮೇಡಂ ಕೋಡಿಂಗ್ ಕ್ಲಬ್ಬಿನ ಸ್ಪರ್ಧೆಯನ್ನೂ, ಪ್ಲೇಸ್‌ಮೆಂಟ್‌ನವರ ಅಣಕು ಸಂದರ್ಶನವನ್ನೂ ಮಧ್ಯಾಹ್ನಕ್ಕೆ ಎಳೆದುತಂದಿದ್ದಾರೆ.

ಇನ್ನೊಂದು ಬಾಗಿಲು ಕಾರಿಡಾರಿನ ಕೊನೆಯಲ್ಲಿದೆ. ಆಪ್ತಸಮಾಲೋಚಕರ ಕೋಣೆ. ಅದರ ಮುಂದೆ ಎಲ್ಲರೂ ಹೆಜ್ಜೆ ಚುರುಕು ಮಾಡುತ್ತಾರೆ, ಒಳಗೆ ಹೋಗುವುದನ್ನು ಯಾರಾದರೂ ಕಂಡಾರು ಎಂದು. ಗೋಡೆಯ ಪೋಸ್ಟರಿನಲ್ಲಿ 14416 ಎಂಬ ಸಂಖ್ಯೆ: 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್, ಹೊತ್ತಿನ ಹಂಗಿಲ್ಲದೆ ಪುಕ್ಕಟೆಯಾಗಿ ಕನ್ನಡದಲ್ಲೂ ಮಾತಾಡಬಹುದಾದ ಸಹಾಯವಾಣಿ, ದೇಶಕ್ಕೆಲ್ಲ ಅದರ ಕೇಂದ್ರಸಂಸ್ಥೆ ಇದೇ ಊರಿನ ನಿಮ್ಹಾನ್ಸ್. ‘ಒತ್ತಡ ನಿರ್ವಹಣೆ’ ಎಂದು ಬ್ಯಾನರ್ ಹಾಕಿ ಸೆಮಿನಾರ್ ಮಾಡಿದರೆ ಹಾಲು ಖಾಲಿ ಹೊಡೆಯುತ್ತದೆ. ಅದಕ್ಕೇ ಸಮಾಲೋಚಕಿ ಬೇರೆ ಉಪಾಯ ಹೂಡಿದ್ದಾರೆ. ರಿಸಲ್ಟ್ ಬಂದ ವಾರ ಕ್ಯಾಂಟೀನಿನಲ್ಲೇ ಒಂದು ಮೇಜು ಹಿಡಿದು ಕೂರುತ್ತಾರೆ. ಮೇಜಿನ ಮೇಲಿನ ಚೀಟಿಯಲ್ಲಿ ‘ಬ್ಯಾಕ್ ಇದ್ದವರಿಗೆ ಟೀ ನನ್ನ ಲೆಕ್ಕ’. ಮೊದಲು ನಗುತ್ತ ಬರುತ್ತಾರೆ. ಎಷ್ಟು ಹೋಯಿತು, ಯಾವುದು ಹೋಯಿತು, ಇಯರ್ ಬ್ಯಾಕ್ ಆದರೆ ನಿಯಮವೇನು ಎಂಬಲ್ಲಿಂದ ಮಾತು ಶುರುವಾಗುತ್ತದೆ. ಎರಡನೆಯ ಟೀ ಹೊತ್ತಿಗೆ ‘ಊರಲ್ಲಿ ಏನಂತ ಹೇಳೋದು ಮೇಡಂ, ಅಪ್ಪ ಎಲ್ಲರ ಹತ್ರ ಮಗ ಎಂಜಿನಿಯರು ಅಂತ ಹೇಳ್ಕೊಂಡವ್ರೆ’ ಎಂಬಲ್ಲಿಗೆ ತಲುಪುತ್ತದೆ. ಅಲ್ಲಿಂದ ಮುಂದಿನದಕ್ಕೆ ಅವರು ಕಾರಿಡಾರಿನ ಕೊನೆಯ ಕೋಣೆಗೆ ಜೊತೆಯಲ್ಲೇ ಕರೆದೊಯ್ಯುತ್ತಾರೆ. ಇದೂ ಪ್ರಶ್ನೆಯೇ. ಇದಕ್ಕೆ ಮೈಕು ಬೇಕಿಲ್ಲ, ಎದುರಿಗೆ ಕೂರುವವರೊಬ್ಬರು ಬೇಕು.

ಕೊನೆಯ ವರ್ಷಕ್ಕೆ ಬಂದಾಗ ಎಲ್ಲರೂ ಒಮ್ಮೆ ಪೋಡಿಯಂ ಹತ್ತಲೇಬೇಕು. ಟೆಕ್ನಿಕಲ್ ಸೆಮಿನಾರ್ ಎಂಬುದು ಪಠ್ಯದ್ದೇ ಭಾಗ, ಅಂಕಗಳಿವೆ. ಬೇಸ್ ಪೇಪರ್ ಆರಿಸಿ, ಗೈಡ್ ಸಹಿ ಹಾಕಿಸಿ, ಇಪ್ಪತ್ತು ನಿಮಿಷದಲ್ಲಿ ಮಂಡಿಸಬೇಕು. ಹಾಸ್ಟೆಲಿನ ತಾರಸಿಯಲ್ಲಿ ಹಿಂದಿನ ರಾತ್ರಿ ಪೂರ್ವಾಭ್ಯಾಸ ನಡೆಯುತ್ತದೆ. ರೂಮ್‌ಮೇಟುಗಳೇ ಎಚ್‌ಒಡಿಯಾಗಿ, ಎಕ್ಸ್‌ಟರ್ನಲ್ ಆಗಿ ಕೂತು ಅಡ್ಡಪ್ರಶ್ನೆ ಹಾಕುತ್ತಾರೆ. ಇನ್ನೂ ಉಮೇದಿರುವವರಿಗೆ ಐಇಇಇ ವಿದ್ಯಾರ್ಥಿ ಶಾಖೆ ನಡೆಸುವ ‘ಕಾಗದ’ ಎಂಬ ಪ್ರಬಂಧ ಮಂಡನೆ ಸ್ಪರ್ಧೆಯಿದೆ. ಪ್ರಾಜೆಕ್ಟಿಗೆ ದುಡ್ಡು ಬೇಕಾದವರು, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಯೋಜನೆಗೆ ಅರ್ಜಿ ಹಾಕುತ್ತಾರೆ. ಎಪ್ಪತ್ತರ ದಶಕದಿಂದ ಅದು ರಾಜ್ಯದ ಎಂಜಿನಿಯರಿಂಗ್ ಮಕ್ಕಳ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತ ಬಂದಿದೆ. ಪಾವಗಡದ ಹುಡುಗ ಈಗಲೇ ಒಂದು ಹೊಂಚು ಹಾಕಿದ್ದಾನಂತೆ: ನೀರಿಲ್ಲದೆ ಸೋಲಾರ್ ಪ್ಯಾನೆಲ್ ಒರೆಸುವ ಯಂತ್ರ. ತಂಡದಲ್ಲಿ ಮೂರನೆಯ ಸಾಲಿನ ಹುಡುಗಿಯಿದ್ದಾಳೆ, ಡಿಪ್ಲೊಮಾದ ಹುಡುಗನೂ ಇದ್ದಾನೆ.

ವಾರದೊಳಗೆ ಸೆಮಿನಾರಿನ ವರದಿ ತಯಾರಾಗಬೇಕು. ಕಾಲೇಜಿಗೆ ಮಾನ್ಯತೆ ಕೊಡುವ ನ್ಯಾಕ್‌ಗೆ ತೋರಿಸಲು ಫೈಲು ಬೇಕು. ದಿನಾಂಕ, ಸಂಪನ್ಮೂಲ ವ್ಯಕ್ತಿ, ಹಾಜರಾದವರ ಸಂಖ್ಯೆ, ಫೀಡ್‌ಬ್ಯಾಕ್ ಫಾರ್ಮಿನ ಬಣ್ಣದ ವೃತ್ತ, ಅಕ್ಷಾಂಶ ರೇಖಾಂಶ ಮುದ್ರಿತವಾದ ಜಿಯೊ ಟ್ಯಾಗ್ ಫೋಟೊಗಳು. ದೀಪ ಹಚ್ಚಿದ ಫೋಟೊ ಇದೆ, ಶಾಲು ಹೊದಿಸಿದ್ದಿದೆ. ಕೊನೆಯ ಸಾಲಿನಿಂದ ಅರ್ಧ ಎದ್ದು ನಿಂತವನ ಫೋಟೊ ಯಾರೂ ತೆಗೆದಿಲ್ಲ. ಸ್ಕಾಲರ್‌ಶಿಪ್ ಕೋಣೆಯ ವರದಿ ಬೇರೆ ಫೈಲಿಗೆ, ಎಂ-3 ತರಗತಿ ಯಾವ ಫೈಲಿಗೂ ಇಲ್ಲ. ಕಾಗದದ ಮೇಲೆ ಇವು ಮೂರು ಬೇರೆ ಬೇರೆ ಚಟುವಟಿಕೆಗಳು. ಆದರೆ ಬೋರ್ಡಿನ ಮೇಲೆ ಅತಿಥಿ ಎಳೆದ ಆ ಗೆರೆ ಹುಟ್ಟಿದ್ದು ಮೂರೂ ಒಂದೆಡೆ ಕೂಡಿದ್ದರಿಂದ.

ಮುಂದಿನ ತಿಂಗಳ ಸೆಮಿನಾರಿಗೆ ಬಜೆಟ್ ಸಭೆ ಸೇರಿದೆ. ಎರಡನೇ ವರ್ಷದ ಹುಡುಗರು ಪಟ್ಟಿ ಓದುತ್ತಾರೆ: ಬ್ಯಾನರು, ಊಟ, ಸ್ಮರಣಿಕೆ, ಶಾಲು ಆರು.

‘ಆರು ಶಾಲು ಯಾಕೆ ಸರ್? ಆ ದುಡ್ಡಲ್ಲಿ ಇನ್ನೊಂದು ಕಾರ್ಡ್‌ಲೆಸ್ ಮೈಕ್ ಬಾಡಿಗೆಗೆ ತರಬಹುದು. ಹಿಂದಿನ ಸಾಲಿಗೇ ಅಂತ.’

‘ಶಾಲಿಲ್ಲದೆ ಹೇಗ್ರಪ್ಪಾ? ಅವರೇನಂದ್ಕೋತಾರೆ?’

‘ಅವರ ಪ್ರಶ್ನೋತ್ತರ ಚೆನ್ನಾಗಿ ನಡೆದ್ರೆ ಶಾಲು ನೆನಪೇ ಇರಲ್ಲ ಸರ್.’

ಎಚ್‌ಒಡಿ ಕನ್ನಡಕ ತೆಗೆದು ಒರೆಸುತ್ತಾರೆ. ಸಂಯೋಜಕಿ ಮೇಡಂ ಕಿಟಕಿಯಾಚೆ ನೋಡುತ್ತ ನಗು ಅಡಗಿಸುತ್ತಾರೆ. ಕೊನೆಗೆ ರಾಜಿಯಾಗುತ್ತದೆ: ಶಾಲು ಎರಡು, ಮೈಕು ಎರಡು, ಪ್ರಶ್ನೋತ್ತರಕ್ಕೆ ನಲವತ್ತು ನಿಮಿಷ, ಮೊದಲ ಪ್ರಶ್ನೆ ಹಿಂದಿನಿಂದ. ಹುಡುಗ ಪಟ್ಟಿಯ ಮೇಲೆ ಆರನ್ನು ಹೊಡೆದು ಎರಡೆಂದು ಬರೆದು, ಅಲ್ಲೇ ಸಹಿ ಹಾಕಿಸಿಕೊಳ್ಳುತ್ತಾನೆ. ಸಾಯಂಕಾಲದೊಳಗೆ ಯಾರಾದರೂ ಮನಸ್ಸು ಬದಲಿಸಿಯಾರೆಂಬ ಅನುಭವ ಅವನಿಗೂ ಇದೆ.